ಬಲಿ ಕೊಟ್ಟವರು ಯಾರು? ಗಣಿಯ ಕಥನ ಮತ್ತು ಕಾಣದ ತಡೆಗೋಡೆ

ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಮುಗಿಸಿ, ಅದರ ಪ್ರಿಂಟ್ ತೆಗೆದುಕೊಂಡು ಹೋದ ಯುಗಾದಿಗೆ ಕಂಪ್ಲಿಗೆ ಹೋಗಿದ್ದೆ. ಗಣಿಗಾರಿಕೆ ಮತ್ತು ಕನ್ನಡ ಕಥನ ನನ್ನ ಸಂಶೋಧನೆಯ ವಿಷಯ. ಅಧ್ಯಾಯಕ್ಕೆ 'ಬಲಿಯ ರೂಪಕ' ಎಂದು ಹೆಸರಿಟ್ಟಿದ್ದೆ. ಗಣಿಯ ಬಗ್ಗೆ ಬಂದ ಕಥೆ, ಸಿನಿಮಾ, ಪತ್ರಿಕಾ ವರದಿಗಳಲ್ಲಿ 'ಬಲಿ' ಎಂಬ ಮಾತು ಎಲ್ಲೆಲ್ಲಿ, ಹೇಗೆ ಬರುತ್ತದೆ ಎಂದು ಗುರುತು ಹಾಕಿಕೊಂಡು, ನಮ್ಮ ಜನಪದದ ಬಲಿಯ ಕಲ್ಪನೆಯೇ ಇಲ್ಲಿ ಹೊಸ ವೇಷದಲ್ಲಿ ಮರಳಿದೆ ಎಂದು ವಾದಿಸಿದ್ದೆ. ಮಾರ್ಗದರ್ಶಕರಿಗೂ ಅದು ಹಿಡಿಸಿತ್ತು. ನಲವತ್ತು ಪುಟ.

ಕಂಪ್ಲಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಅವ್ವನ ತವರಿನವರು ಕಲ್ಲಿನ ಕೆಲಸದವರು. ತಾತ ಬಾವಿಗೆ ಕಲ್ಲು ಕಟ್ಟುತ್ತಿದ್ದರು. ಮಾವ ಅದೇ ಕೈಕಸುಬನ್ನು ನೆಲದೊಳಕ್ಕೆ ಒಯ್ದರು. ದೂರದ ಒಂದು ಗಣಿಯಲ್ಲಿ 22 ವರ್ಷ ಟಿಂಬರ್‌ಮನ್ ಆಗಿದ್ದರು. ಟಿಂಬರ್‌ಮನ್ ಎಂದರೆ ಅದಿರು ತೆಗೆಯುವವನಲ್ಲ. ಅದಿರು ತೆಗೆದ ಜಾಗ ಕುಸಿಯದಂತೆ ಮರದ ಆಸರೆ ನಿಲ್ಲಿಸುವವನು, ಕಲ್ಲಿನ ಗೋಡೆ ಕಟ್ಟುವವನು.

"ಏನೇನು ಬರದೀಯವ್ವ, ಒಂದಿಷ್ಟು ಓದು" ಅಂದರು. ನನಗೂ ಹುಮ್ಮಸ್ಸಿತ್ತು, ಓದಿದೆ. ಗಣಿಯು ವರ್ಷವರ್ಷವೂ ಬಲಿ ಬೇಡುವ ಭೂತದಂತೆ ನಮ್ಮ ಕಥನಗಳಲ್ಲಿ ಮೂಡಿದೆ ಎಂಬ ವಾಕ್ಯದ ಹತ್ತಿರ ಅವರು ಕೈ ಎತ್ತಿ ತಡೆದರು.

"ಕಲ್ಲು ಬಲಿ ಕೇಳಲ್ಲವ್ವ. ಅವತ್ತು ಅಲ್ಲಿ ಪ್ಯಾಕ್ ಇರಲಿಲ್ಲ."

ಅವತ್ತು ಅಂದರೆ ಯಾವತ್ತು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾವನ ಜೊತೆಗಾರನೊಬ್ಬ ಛಾವಣಿ ಕುಸಿದು ತೀರಿಕೊಂಡ ದಿನ. ಆ ದಿನದ ಪತ್ರಿಕೆಯ ತುಂಡು ಅವರ ಟ್ರಂಕಿನಲ್ಲಿ ಇನ್ನೂ ಇದೆ. ಗಣಿ ಕುಸಿತಕ್ಕೆ ಕಾರ್ಮಿಕ ಬಲಿಯಾದನೆಂದು ತಲೆಬರಹ. ನಾನು ಅಧ್ಯಾಯದಲ್ಲಿ ಎತ್ತಿಕೊಂಡಿದ್ದ ಉದಾಹರಣೆಗಳೂ ಹೆಚ್ಚುಕಡಿಮೆ ಇಂಥವೇ.

ಸ್ವಲ್ಪ ಹೊತ್ತು ಬಿಟ್ಟು ಮಾವ ಕೇಳಿದರು: "ಅಲ್ಲವ್ವ, ಇಷ್ಟು ಪುಸ್ತಕ ಓದೀಯಲ್ಲ, ಅದರಾಗೆ ಗೋಡೆ ಕಟ್ಟೋನು ಎಲ್ಲಾದ್ರೂ ಬರ್ತಾನೇನು?"

ನಾನು ಪುಟ ತಿರುವಿದೆ. ಅಗೆಯುವವರು ಇದ್ದರು, ಹೊರುವವರು ಇದ್ದರು, ಲಾರಿ ಓಡಿಸುವವರು, ಮಾಲೀಕರು, ದಲ್ಲಾಳಿಗಳು, ಹೊಲ ಕಳೆದುಕೊಂಡವರು ಎಲ್ಲರೂ ಇದ್ದರು. ಗೋಡೆ ಕಟ್ಟುವವನು ನನ್ನ ನಲವತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಪ್ಯಾಕ್ ಏನೆಂದು ತಿಳಿಯದೆ ಮಾವನ ಮಾತು ಅರ್ಥವಾಗುವುದಿಲ್ಲ. ನೆಲದಡಿಯ ಗಣಿಯಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವುದನ್ನು 1952ರ ಗಣಿ ಕಾಯ್ದೆ ನಿಷೇಧಿಸಿತ್ತು. 2019ರಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಮಾತ್ರ ಅದು ಸಡಿಲವಾಯಿತು. ನಾನಂತೂ ಇಳಿದವಳಲ್ಲ. ಮಾವ ಹಿತ್ತಲಲ್ಲಿ ಇಟ್ಟಿಗೆ ಚೂರು ಜೋಡಿಸಿ ತೋರಿಸಿದ್ದೇ ನನ್ನ ತಿಳಿವಳಿಕೆ. ಅದಿರು ತೆಗೆದ ಪೊಳ್ಳಿಗೆ ಗಣಿಯವರು ಸ್ಟೋಪ್ ಎನ್ನುತ್ತಾರೆ. ಅದರ ನೆತ್ತಿಯ ಬಂಡೆ ಮೊದಲು ಕೆಳಗಿನ ಅದಿರಿನ ಮೇಲೆ ಕೂತಿತ್ತು, ಈಗ ಕೂರಲು ಏನೂ ಇಲ್ಲ. ಆ ಭಾರಕ್ಕೆ ಬೇರೊಂದು ಆಸರೆ ಮಾಡಿಕೊಡುವುದು ಪ್ಯಾಕಿನ ಕೆಲಸ. ಸುತ್ತಲೂ ದೊಡ್ಡ ಕಲ್ಲುಗಳನ್ನು ಮುಖ ಹೊಂದಿಸಿ ಇಡುತ್ತಾರೆ. ಒಳಗೆ ಚೂರುಗಲ್ಲನ್ನು ಬಿಗಿಯಾಗಿ ತುಂಬುತ್ತಾರೆ. ಕೊನೆಗೆ ಗೋಡೆಗೂ ಛಾವಣಿಗೂ ನಡುವೆ ಮರದ ಬೆಣೆ ಬಡಿಯುತ್ತಾರೆ. ಗಾರೆ ಹಾಕುವುದಿಲ್ಲ. ಮೇಲಿನ ಬಂಡೆ ನಿಧಾನವಾಗಿ ಇಳಿಯುತ್ತಿರುತ್ತದೆ, ಅದರೊಂದಿಗೆ ಗೋಡೆಯೂ ತುಸು ಕುಗ್ಗಿ ಭಾರ ತೆಗೆದುಕೊಳ್ಳಬೇಕು.

ಇನ್ನೊಂದು ಬಗೆಯ ಗೋಡೆಯೂ ಉಂಟು. ಖಾಲಿಯಾದ ಪೊಳ್ಳಿಗೆ ಮರಳನ್ನೋ ಅದಿರು ಅರೆದು ಉಳಿದ ಪುಡಿಯನ್ನೋ ನೀರಿನಲ್ಲಿ ಕಲಸಿ ಪೈಪಿನ ಮೂಲಕ ತುಂಬುತ್ತಾರೆ. ಆ ಕೆಸರು ಜನ ಓಡಾಡುವ ದಾರಿಗೆ ನುಗ್ಗದಂತೆ ಪೊಳ್ಳಿನ ಬಾಯಿಗೆ ತಡೆ ಕಟ್ಟಬೇಕು. ಅದು ಮರಳನ್ನು ಹಿಡಿದು ನೀರನ್ನು ಬಿಡಬೇಕು. ನೀರು ಬಸಿಯದೆ ಹಿಂದೆಯೇ ನಿಂತರೆ ಒತ್ತಡ ಏರಿ ತಡೆ ಒಡೆಯುತ್ತದೆ.

ಕೋಲಾರದ ಚಿನ್ನದ ಗಣಿಗಳಲ್ಲಿ ಮೊದಲು ಮರದ ಆಸರೆಗಳಿದ್ದವು, ಆಮೇಲೆ ಗ್ರಾನೈಟ್ ಕಲ್ಲಿನ ಗೋಡೆಗಳು ಬಂದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿನ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತದೆ. ಹಿಂದೆ ಇದಕ್ಕೆ ಅಲ್ಲಿ 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಸಿಡಿಯುತ್ತಿದ್ದದ್ದು ಗಾಳಿಯಲ್ಲ, ಬಂಡೆ. ಹೆಸರು ಮಾತ್ರ ಗಾಳಿಯದು. ಬಂಡೆಯ ಈ ನಡತೆಯನ್ನು ಅಧ್ಯಯನ ಮಾಡಲೆಂದೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಯಿತು.

ಇಷ್ಟೆಲ್ಲ ಹೇಳಿ ಮಾವ ಸೇರಿಸಿದ ಒಂದು ಮಾತು ಸಾಹಿತ್ಯ ಓದುವವರಿಗೆ ಮುಖ್ಯ. ಪ್ಯಾಕ್ ಕಟ್ಟಲು ಪಾಳಿಗಟ್ಟಲೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಅಲ್ಲಿಂದ ಒಂದು ಬುಟ್ಟಿ ಅದಿರೂ ಮೇಲೆ ಬರುವುದಿಲ್ಲ. "ನಾವು ಕಟ್ಟೋ ಹೊತ್ತು ಲೆಕ್ಕಕ್ಕೆ ದಂಡ. ಅದಕ್ಕೇ ಇವತ್ತು ಬ್ಯಾಡ, ನಾಳೆ ಕಟ್ಟಿದ್ರಾತು ಅಂತಿದ್ರು."

ಈಗ 'ಬಲಿ'ಗೆ ಬರೋಣ. ಗೋಡೆ, ಒಡ್ಡು, ಕೆರೆ, ಬಲಿ ಎಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು 'ಕೆರೆಗೆ ಹಾರ'. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕೆಂದಾಗುತ್ತದೆ. ನನ್ನ ಅಧ್ಯಾಯದಲ್ಲಿ ಈ ಹಾಡಿನಿಂದ ಇಂದಿನ ಪತ್ರಿಕೆಯ ತಲೆಬರಹದವರೆಗೆ ಒಂದು ನೇರ ಗೆರೆ ಎಳೆದಿದ್ದೆ. ಕಂಪ್ಲಿಯಿಂದ ಬಂದ ಮೇಲೆ ಮತ್ತೆ ಓದಿದಾಗ ಆ ಗೆರೆ ತಪ್ಪೆಂದು ಕಂಡಿತು.

'ಕೆರೆಗೆ ಹಾರ'ದಲ್ಲಿ ಬಲಿ ತಾನಾಗಿ ಆಗುವುದಿಲ್ಲ. ಅದನ್ನು ಕೊಡುವವರಿದ್ದಾರೆ. ಶಾಸ್ತ್ರ ಕೇಳಿದವರು ಯಾರು, ಹೇಳಿದವರು ಯಾರು, ಸೊಸೆಯರಲ್ಲಿ ಯಾರನ್ನು ಆರಿಸಿದರು, ಆಕೆಗೆ ಗೊತ್ತಾದದ್ದು ಹೇಗೆ, ಆಕೆ ಯಾರಿಗೆ ಹೇಳಲು ಹೋದಳು, ಅವರು ಏನಂದರು ಎಂಬುದೆಲ್ಲ ಹಾಡಿನಲ್ಲಿದೆ. ದಂಡಿಗೆ ಹೋಗಿದ್ದ ಗಂಡ ತಿರುಗಿ ಬಂದು ಕೇಳುವ ಪ್ರಶ್ನೆಗಳೂ ಇವೆ. ಮನೆಯ ಹಿರಿಯರು ಮಾಡಿದ ಲೆಕ್ಕವನ್ನು ಹಾಡು ಮುಚ್ಚಿಡುವುದಿಲ್ಲ. ಕೇಳುವ ನಮಗೆ ಸಂಕಟವಾಗುವುದು ಭಾಗೀರಥಿ ಸತ್ತಳೆಂಬುದಕ್ಕೆ ಮಾತ್ರವಲ್ಲ, ಇವರೆಲ್ಲ ಸೇರಿ ಕೊಟ್ಟರು ಎಂಬುದಕ್ಕೂ. ಹಾಡಿನ ಕ್ರಿಯಾಪದ 'ಬಲಿ ಕೊಡು'. ಕೊಡುವ ಕ್ರಿಯೆಗೆ ಕೊಟ್ಟವನೊಬ್ಬ ಬೇಕೇ ಬೇಕು.

ಪತ್ರಿಕೆಯ ಕ್ರಿಯಾಪದ 'ಬಲಿಯಾಗು', ಅಥವಾ 'ಗಣಿ ಬಲಿ ತೆಗೆದುಕೊಂಡಿತು'. ಮೊದಲನೆಯದರಲ್ಲಿ ಕರ್ತೃವಿನ ಜಾಗದಲ್ಲಿ ಸತ್ತವನೇ ನಿಂತಿದ್ದಾನೆ. ಎರಡನೆಯದರಲ್ಲಿ ಮಣ್ಣು ಕಲ್ಲು ನಿಂತಿವೆ. ಕೊಟ್ಟವರು ಎರಡರಲ್ಲೂ ಇಲ್ಲ. ನಾಳೆ ಕಟ್ಟಿದರಾಯಿತು ಎಂದವರು ಯಾರು, ಯಾವ ಲೆಕ್ಕಕ್ಕೆ ಹಾಗೆಂದರು ಎಂಬ ಪ್ರಶ್ನೆಗೆ ಈ ವಾಕ್ಯಗಳಲ್ಲಿ ಜಾಗವೇ ಉಳಿದಿಲ್ಲ. ಪ್ಯಾಕ್ ಇರಲಿಲ್ಲ ಎಂಬ ಒಂದು ಸಂಗತಿ ವಾಕ್ಯದೊಳಕ್ಕೆ ಬಂದುಬಿಟ್ಟರೆ 'ಬಲಿಯಾದ' ಎನ್ನುವುದು ಕಷ್ಟವಾಗುತ್ತದೆ. ಆದ್ದರಿಂದ ಜನಪದದ ಬಲಿ ಗಣಿಯ ಕಥನದಲ್ಲಿ ಮರಳಿದೆ ಎಂಬ ನನ್ನ ವಾದ ಅರ್ಧವಷ್ಟೇ ಸರಿ. ಪದ ಮರಳಿದೆ, ಹಾಡು ಕೇಳಿದ ಪ್ರಶ್ನೆ ಮರಳಿಲ್ಲ.

ಹಾಗಾದರೆ ರೂಪಕವೇ ಬೇಡವೆ? ಇಲ್ಲಿ ನನಗೆ ನೆರವಾದದ್ದು ಎಮಿಲ್ ಜೋಲಾನ 'ಜರ್ಮಿನಲ್'. 1885ರ ಈ ಫ್ರೆಂಚ್ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎರಡು ಸಲ ಓದಿದ್ದೆ, ಎರಡು ಸಲವೂ ಮುಷ್ಕರದ ಭಾಗಕ್ಕೆ ಗೆರೆ ಹಾಕಿದ್ದೆ. ಮುಷ್ಕರ ಯಾಕೆ ಶುರುವಾಯಿತು ಎಂಬುದನ್ನು ಸರಿಯಾಗಿ ಗಮನಿಸಿರಲಿಲ್ಲ. ಅದು ಶುರುವಾಗುವುದು ಮರದ ಆಸರೆಯ ವಿಷಯಕ್ಕೆ. ಕಾರ್ಮಿಕರಿಗೆ ಕೂಲಿ ಸಿಗುವುದು ತುಂಬಿದ ಕಲ್ಲಿದ್ದಲ ತೊಟ್ಟಿಗಳ ಲೆಕ್ಕದಲ್ಲಿ. ಆಸರೆ ನಿಲ್ಲಿಸುತ್ತ ಕೂತರೆ ಆ ಹೊತ್ತಿಗೆ ಕೂಲಿಯಿಲ್ಲ. ಹಾಗಾಗಿ ಅವರು ಅವಸರದಲ್ಲಿ ಹೇಗೋ ನಿಲ್ಲಿಸುತ್ತಾರೆ, ಎಂಜಿನಿಯರ್ ಬಂದು ದಂಡ ಹಾಕುತ್ತಾನೆ. ಕೊನೆಗೆ ಕಂಪನಿ ಆಸರೆಗೆ ಬೇರೆ ಕೂಲಿ ಕೊಡುತ್ತೇವೆ ಎನ್ನುತ್ತದೆ, ಆದರೆ ತೊಟ್ಟಿಯ ದರವನ್ನು 50 ಸಾಂತೀಮಿನಿಂದ 40ಕ್ಕೆ ಇಳಿಸುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ಲೆಕ್ಕ ಕಾರ್ಮಿಕರಿಗೆ ಅರ್ಥವಾಗುತ್ತದೆ. ಅದಾದ ಮೇಲೆ ಛಾವಣಿ ಕುಸಿದು ಒಬ್ಬ ಸಾಯುತ್ತಾನೆ, ಒಬ್ಬ ಹುಡುಗನ ಕಾಲು ಮುರಿಯುತ್ತದೆ. ಆ ಕುಸಿತವನ್ನು ಓದುವಾಗ ನಮಗೆ ಕಾರಣ ಗೊತ್ತಿರುತ್ತದೆ.

ಇದೇ ಜೋಲಾ ಗಣಿಯನ್ನು ಮನುಷ್ಯರನ್ನು ನುಂಗುವ ಮೃಗವೆಂದೂ ಚಿತ್ರಿಸುತ್ತಾನೆ. ಗಣಿಯ ಹೆಸರೇ 'ಲ ವೊರೊ', ಹೊಟ್ಟೆಬಾಕನೆಂಬ ಧ್ವನಿ ಅದರಲ್ಲಿದೆ. ಅಂದರೆ ಅವನಲ್ಲಿ ಬಲಿಯ ರೂಪಕವೂ ಇದೆ, ಕೂಲಿಯ ಲೆಕ್ಕವೂ ಇದೆ. ಕಾದಂಬರಿಯ ಕೊನೆಯಲ್ಲಿ ಗಣಿ ಮುಳುಗುವುದೂ ಮೃಗದ ಸಿಟ್ಟಿನಿಂದಲ್ಲ. ನೆಲದಡಿಯ ನೀರನ್ನು ತಡೆದು ಹಿಡಿದಿದ್ದ ಮರದ ಒಳಹೊದಿಕೆಯನ್ನು ಒಬ್ಬ ಮನುಷ್ಯ ರಾತ್ರಿ ಹೋಗಿ ಕೊಯ್ದಿರುತ್ತಾನೆ. ತಡೆ ಇದ್ದದ್ದು ಎಲ್ಲಿ, ಅದು ಹೋದದ್ದು ಯಾರಿಂದ ಎಂದು ಓದುಗರಿಗೆ ತಿಳಿದಿದೆ. ರೂಪಕವಿದ್ದೂ ಪ್ರಶ್ನೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ದೇಶದಲ್ಲೇ ನೀರಿನ ತಡೆ ಒಡೆದ ದೊಡ್ಡ ದುರಂತ ನಡೆದಿದೆ. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸನಾಲಾ ಕಲ್ಲಿದ್ದಲು ಗಣಿಗೆ ನೀರು ತುಂಬಿದ್ದ ಹಳೆಯ ಗಣಿಯ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಅದರ ಎಳೆ ಹಿಡಿದು 1979ರಲ್ಲಿ ಬಂದ ಯಶ್ ಚೋಪ್ರಾ ಅವರ 'ಕಾಲಾ ಪತ್ಥರ್' ಪೂರಾ ಮಸಾಲೆ ಸಿನಿಮಾ. ಆದರೂ ಅದರಲ್ಲಿ ನೀರಿನ ಅಪಾಯದ ಎಚ್ಚರಿಕೆ ಬರುತ್ತದೆ, ಅದನ್ನು ಕಿವಿಗೆ ಹಾಕಿಕೊಳ್ಳದ ಮಾಲೀಕನೂ ಇದ್ದಾನೆ.

ಕನ್ನಡಕ್ಕೆ ಬಂದರೆ ಮೊದಲು ನೆನಪಾಗುವುದು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿದವರು. ನಮ್ಮ ಲೇಖಕರಲ್ಲಿ ಬಂಡೆಯ ಬಗ್ಗೆ ಅಷ್ಟು ತಿಳಿದವರು ವಿರಳ. ಅವರ ಪ್ರಸಿದ್ಧ ನಾಟಕಗಳು ನಡೆಯುವುದು ಮಾತ್ರ ಮನೆಯ ಹಜಾರದಲ್ಲಿ. ಅವರ 'ಟೊಳ್ಳು ಗಟ್ಟಿ' ಎಂಬ ಹೆಸರನ್ನು ಹೇಳಿದಾಗ ಮಾವ ನಕ್ಕರು. ಪಾಳಿ ಶುರುವಾಗುವ ಮೊದಲು ಅವರು ಮಾಡುತ್ತಿದ್ದ ಕೆಲಸವೇ ಅದು. ಹಾರೆಯಿಂದ ಛಾವಣಿಯನ್ನು ತಟ್ಟಿ ಕೇಳಬೇಕು. ಗಟ್ಟಿ ಬಂಡೆ ಠಣ್ ಎನ್ನುತ್ತದೆ, ಸಡಿಲವಾದದ್ದು ಡೋಲಿನಂತೆ ಬುಡುಬುಡು ಎನ್ನುತ್ತದೆ. ಆ ಕಿವಿ ಕನ್ನಡ ರಂಗಭೂಮಿಗೆ ಬರಲಿಲ್ಲ ಎಂದು ಕೈಲಾಸಂ ಅವರನ್ನು ದೂರುವುದು ಸರಿಯಲ್ಲ. ಆದರೆ ಬಂಡೆ ಬಲ್ಲವರಿಗೂ ಗಣಿ ಕಥನದ ವಸ್ತುವಾಗಿ ಕಾಣಲಿಲ್ಲ ಎಂಬುದನ್ನು ಗಮನಿಸಬೇಕು. ಕೋಲಾರದ ಗಣಿಯಲ್ಲಿ ಇಳಿದವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತರು. ಅವರು ಕನ್ನಡ ಕಥನದ ಅಂಗಳಕ್ಕೆ ಭಾಷೆಯಿಂದಲೂ ಜಾತಿಯಿಂದಲೂ ದೂರವೇ ಉಳಿದರು.

ಆ ಊರಿನ ಹೆಸರನ್ನು ಜಗತ್ತಿಗೆಲ್ಲ ಮುಟ್ಟಿಸಿದ್ದು 2018ರ 'ಕೆ.ಜಿ.ಎಫ್' ಸಿನಿಮಾ. ಅದರಲ್ಲಿ ಗೋಡೆ ಇದೆ. ನರಾಚಿಯ ಕೋಟೆಯಂಥ ಗೋಡೆ ಜನ ಹೊರಗೆ ಹೋಗದಂತೆ ಕೂಡಿಹಾಕುವ ಗೋಡೆ. ದುಡಿಯುವವನ ತಲೆಯ ಮೇಲಿನ ಬಂಡೆಯನ್ನು ಹೊರುವ ಗೋಡೆ ಆ ಕಥೆಗೆ ಬೇಕಿಲ್ಲ, ಏಕೆಂದರೆ ಅಲ್ಲಿ ಕಾರ್ಮಿಕನನ್ನು ಉಳಿಸಬೇಕಾದವನು ನಾಯಕ. ಪ್ಯಾಕ್ ಇದ್ದಿದ್ದರೆ ನಾಯಕನಿಗೆ ಕೆಲಸ ಕಡಿಮೆಯಾಗುತ್ತಿತ್ತು.

ನಮ್ಮ ಭಾಗದ ಗಣಿಯ ಕಥೆ ಬೇರೆ. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಅವರ 'ಹಂಪಿ ಎಕ್ಸ್‌ಪ್ರೆಸ್' ಸಂಕಲನದ 'ಕೆಂಪು ಗಿಣಿ' ಈ ಸೀಮೆಯ ಗಣಿಯ ಬಗ್ಗೆ ಬಂದ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು. ಹಸಿರು ಹಕ್ಕಿಯ ಬಣ್ಣವೇ ಬದಲಾಗುವಷ್ಟು ಅದಿರಿನ ಧೂಳು ಎಂಬುದು ಶೀರ್ಷಿಕೆಯಲ್ಲೇ ಇದೆ. ಲಾರಿಗಳ ಸಾಲು ನೋಡುತ್ತ ಬೆಳೆದ ನನ್ನ ವಯಸ್ಸಿನವರಿಗೆ ಅದು ಕಲ್ಪನೆ ಅನಿಸುವುದಿಲ್ಲ. ಇಲ್ಲಿ ಒಬ್ಬ ಗೆಳೆಯ ಆಕ್ಷೇಪ ಎತ್ತಿದ: ಸಂಡೂರಿನದು ಬಯಲಿನ ಗಣಿ, ಬೆಟ್ಟವನ್ನು ಮೇಲಿನಿಂದ ಕೊರೆಯುವುದು. ಅಲ್ಲಿ ಛಾವಣಿಯೇ ಇಲ್ಲದ ಮೇಲೆ ಗೋಡೆಯನ್ನು ಕಥೆಯಲ್ಲಿ ಹುಡುಕುವುದು ಸರಿಯೇ?

ಸರಿಯಾದ ಪ್ರಶ್ನೆ. ಆದರೆ ಬಯಲಿನ ಗಣಿಗೂ ಗೋಡೆ ಬೇಕು. ಅದಿರಿಗಾಗಿ ತೆಗೆದ ಬೇಡವಾದ ಮಣ್ಣನ್ನು ಇಳಿಜಾರಿನಲ್ಲಿ ಸುರಿಯುತ್ತಾರೆ, ಡಂಪ್ ಎನ್ನುತ್ತಾರೆ. ಅದರ ಬುಡಕ್ಕೆ ತಡೆಗೋಡೆ ಕಟ್ಟದಿದ್ದರೆ ಮಳೆಗಾಲದಲ್ಲಿ ರಾಶಿ ಜಾರಿ ಹಳ್ಳಕ್ಕೆ, ಹೊಲಕ್ಕೆ ಇಳಿಯುತ್ತದೆ. ಆ ಗೋಡೆಗೂ ನೀರು ಬಸಿಯಲು ತೂತು ಬಿಡಬೇಕು, ನೆಲದಡಿಯ ತಡೆಯ ನಿಯಮವೇ ಇಲ್ಲಿಯೂ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಇರಬೇಕೆಂದಾಯಿತು. 2013ರ ಏಪ್ರಿಲ್ 18ರ ತೀರ್ಪು ಆ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಆ ಯೋಜನೆಗಳಲ್ಲಿ ತಡೆಗೋಡೆ, ಚೆಕ್‌ಡ್ಯಾಂ, ಕೊರಕಲಿಗೆ ಕಲ್ಲಿನ ಅಡ್ಡಗಟ್ಟೆ, ಡಂಪಿನ ಸುತ್ತ ನೀರಿನ ಕಾಲುವೆ ಇವೆಲ್ಲ ಹೆಸರು ಹೆಸರಾಗಿ ಬರುತ್ತವೆ. ದಶಕಗಳ ಕಾಲ ಅಗೆದ ಬೆಟ್ಟಕ್ಕೆ ಗೋಡೆ ಎಲ್ಲಿ ಎಂಬ ಪ್ರಶ್ನೆಯನ್ನು ಕೊನೆಗೆ ಕೇಳಿದ್ದು ಒಂದು ನ್ಯಾಯಾಲಯ. ನ್ಯಾಯಾಲಯದ ಕಾಗದದಲ್ಲಿ ಇಷ್ಟು ವಿವರವಾಗಿ ಬಂದ ವಸ್ತು, ಆ ಹೊತ್ತಿನ ನಾನು ಓದಿದ ಕಥೆ ಕವಿತೆಗಳಲ್ಲಿ ಇಲ್ಲ. ಅಲ್ಲಿ ಧೂಳಿದೆ, ದುಡ್ಡಿದೆ, ಹೆಲಿಕಾಪ್ಟರ್ ಇದೆ, ಭೂಮಿತಾಯಿಯ ಬಗೆದ ಒಡಲಿದೆ. ಹೊಸಪೇಟೆಯಿಂದ ಸಂಡೂರಿನ ಬಸ್ಸಿನಲ್ಲಿ ಹೋಗುವಾಗ ಇಳಿಜಾರಿನಲ್ಲಿ ತಲೆಯ ಮೇಲೆ ಸಿಂಬಿ ಇಟ್ಟು ಕಲ್ಲು ಹೊರುವ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ನನ್ನ ಅಧ್ಯಾಯದಲ್ಲಿ ಅವರಿಗೂ ಜಾಗ ಕೊಟ್ಟಿರಲಿಲ್ಲ.

ಕಥೆಗಾರರು ತಪ್ಪು ಮಾಡಿದರು ಎನ್ನುತ್ತಿಲ್ಲ. ಧೂಳಿನ ಕಥೆ ಬರೆದವರು ಧೂಳು ಕುಡಿದವರ ಪರವಾಗಿಯೇ ಬರೆದರು. ನನ್ನ ತಕರಾರು ಇರುವುದು ವಿಮರ್ಶೆಯ ಬಗ್ಗೆ, ಅಂದರೆ ನನ್ನ ಬಗ್ಗೆಯೇ. ಅಗೆತ ಮತ್ತು ಬಲಿ ಎಂಬ ಎರಡು ರೂಪಕಗಳು ಕೈಗೆ ಸಿಕ್ಕ ಕೂಡಲೇ ಎಲ್ಲ ಪಠ್ಯಗಳನ್ನೂ ಅವುಗಳಿಂದಲೇ ಓದಿದೆ. ಈ ಎರಡೂ ಗಣಿಯನ್ನು ಪಾಪವಾಗಿ ತೋರಿಸುತ್ತವೆ. ಪಾಪಕ್ಕೆ ಪ್ರಾಯಶ್ಚಿತ್ತ ಕೇಳಬಹುದೇ ಹೊರತು ಆ ಪಾಳಿಯಲ್ಲಿ ಪ್ಯಾಕ್ ಯಾಕೆ ಕಟ್ಟಲಿಲ್ಲ ಎಂದು ಕೇಳಲಾಗುವುದಿಲ್ಲ. ಗೋಡೆ ಕಟ್ಟುವವನನ್ನು ಕಥನದೊಳಕ್ಕೆ ತಂದರೆ ಗಣಿ ಒಂದು ಕೆಲಸದ ಜಾಗವಾಗುತ್ತದೆ. ಆಗ ಹೊತ್ತು, ಕೂಲಿ, ಆಜ್ಞೆ, ಹೊಣೆ ಎಲ್ಲವೂ ಹೆಸರು ಪಡೆಯುತ್ತವೆ.

ಹಬ್ಬ ಮುಗಿದ ವಾರ ಮಾವ ಹಂಪಿಗೆ ಬಂದಿದ್ದರು. ಕೋಟೆಗೋಡೆಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿ ಕೂತ ದೊಡ್ಡ ಕಲ್ಲುಗಳು. ಒಂದು ಕಡೆ ಮುಖ ಬಿದ್ದುಹೋಗಿ ಒಳಗಿನ ಮಣ್ಣು, ಚೂರುಗಲ್ಲಿನ ತುಂಬುವಿಕೆ ಕಾಣುತ್ತಿತ್ತು. ಕಲ್ಲಿನ ಹಿಂಬದಿ ಒಳಕ್ಕೆ ಚೂಪಾಗಿ ಹೋಗಿ ಆ ತುಂಬುವಿಕೆಯನ್ನು ಕಚ್ಚಿ ಹಿಡಿದಿರುವುದನ್ನು ಬೆರಳು ಮಾಡಿ ತೋರಿಸಿದರು. "ಇದೂ ಪ್ಯಾಕೇ ನೋಡವ್ವ. ನಮ್ದು ಕತ್ತಲಾಗೆ ಐತೆ, ಇದು ಬಿಸಿಲಾಗೆ ಐತೆ. ಅಷ್ಟೇ." ಪಕ್ಕದಲ್ಲಿ ಒಬ್ಬ ಗೈಡು ಪ್ರವಾಸಿಗರಿಗೆ ಯಾವ ರಾಯ ಯಾವ ಕೋಟೆ ಕಟ್ಟಿಸಿದನೆಂದು ಹೇಳುತ್ತಿದ್ದ.

ಮೂರನೆಯ ಅಧ್ಯಾಯವನ್ನು ಮಾರ್ಗದರ್ಶಕರಿಂದ ವಾಪಸ್ ಕೇಳಿ ಪಡೆದಿದ್ದೇನೆ. ಶೀರ್ಷಿಕೆ ಈಗ 'ಬಲಿ ಕೊಟ್ಟವರು'. ನಲವತ್ತು ಪುಟಗಳಲ್ಲಿ ಹದಿನೈದು ಉಳಿಯಬಹುದು. ಪಠ್ಯಗಳಲ್ಲಿ ಇಲ್ಲದವರನ್ನು ಪಠ್ಯ ವಿಶ್ಲೇಷಣೆಯಿಂದ ಹುಡುಕಲಾಗದು, ಹಾಗಾಗಿ ಮಾವನಂಥ ಹಳೆಯ ಟಿಂಬರ್‌ಮನ್‌ಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಶುರು ಮಾಡಿದ್ದೇನೆ. ಅವರೆಲ್ಲರಿಗೂ ವಯಸ್ಸಾಗಿದೆ, ಕೆಲವರಿಗೆ ಎರಡು ವಾಕ್ಯ ಹೇಳುವಷ್ಟರಲ್ಲಿ ಉಸಿರು ಸಾಲದು. ಮೊದಲ ಮುದ್ರಣ ಮಾವನದೇ. ಫೋನು ಮುಂದಿಟ್ಟಾಗ ಅವರು ತಮ್ಮ ಹೆಸರಿಗಿಂತ ಮೊದಲು ತೀರಿಹೋದ ಜೊತೆಗಾರನ ಹೆಸರು ಹೇಳಿದರು, ಆಮೇಲೆ ಆ ದಿನದ ಪಾಳಿ, ಆಮೇಲೆ ಪ್ಯಾಕ್ ನಾಳೆಗಿರಲಿ ಎಂದವರ ಹೆಸರು. ಎಲ್ಲವನ್ನೂ ಬರೆದುಕೊಂಡಿದ್ದೇನೆ.